ಹದಿನೇಳು ತಾಸಿನ ಹಾದಿ

"ವಿಮಾನದಾಗ ಅಮೇರಿಕಾಕ್ಕ ಎಷ್ಟು ತಾಸೋ?" ಎಂದು ಅವ್ವ ಮೊದಲು ಕೇಳಿದ್ದು, ನನ್ನ ತಮ್ಮ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕೆಲಸಕ್ಕೆ ಸೇರಿದ ವರ್ಷ. ಕನ್ನಡ ಎಂ.ಎ. ಮಾಡಿದವನಿಗೆ ಇಂಥ ಪ್ರಶ್ನೆ ಕಷ್ಟವೇ. ಆದರೆ ಕಾಲೇಜಿನಲ್ಲಿ ಪಾಠ ಹೇಳುವ ಮಗ 'ತಿಳಿಯದು' ಎನ್ನುವುದೆಂತು? ಭೂಗೋಳದ ಮಾದರಿಯೊಂದನ್ನು ಹಳಿಯಾಳದ ಮನೆಗೆ ತಂದು, ಅವ್ವನ ಹೂ ಕಟ್ಟುವ ದಾರವನ್ನೇ ಬೆಂಗಳೂರಿನಿಂದ ಸಾನ್ ಫ್ರಾನ್ಸಿಸ್ಕೋವರೆಗೆ ಬಿಗಿಯಾಗಿ ಎಳೆದೆ.

ದಾರ ಪೂರ್ವಕ್ಕೋ ಪಶ್ಚಿಮಕ್ಕೋ ಸಾಗೀತೆಂದು ನಾನೆಣಿಸಿದ್ದೆ. ಅದು ಉತ್ತರಕ್ಕೇರಿ, ಧ್ರುವದ ಬಳಿ ಹಾಯ್ದು ಆಚೆಗೆ ಇಳಿಯಿತು! ಎರಡು ಊರುಗಳೂ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳ ಮೇಲಿರುವುದೇ ಇದಕ್ಕೆ ಕಾರಣ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಬೆಂಗಳೂರಿಗೆ ಬಂದುದು ಈ ಧ್ರುವಮಾರ್ಗದಿಂದಲೇ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳುತನದಲ್ಲಿ ಅದನ್ನು ನಡೆಸಿದವರೆಲ್ಲರೂ ಮಹಿಳೆಯರು. ನೇರ ದೂರ 13,993 ಕಿಲೋಮೀಟರ್. ಭೂಮಿಯ ಸುತ್ತಳತೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಹಿಡಿದ ಕಾಲ ಸುಮಾರು 17 ತಾಸು. ಆ ವೇಗಕ್ಕೆ, ಜೋಯಿಡಾ ಸೀಮೆಯಲ್ಲಿ ಹುಟ್ಟಿ ದಾಂಡೇಲಿ ಹಾಯ್ದು ಕಾರವಾರದ ಕಡಲು ಸೇರುವ ನಮ್ಮ ಕಾಳಿಯ 184 ಕಿಲೋಮೀಟರ್ ಹಾದಿ ಕಾಲು ತಾಸಿನ ಮಾತು.

"ಒಂದು ಹಗಲಾ, ಅರ್ಧ ರಾತ್ರಿ. ಅಷ್ಟ ಹೌದಲ್ಲೊ!" ಎಂದು ಅವ್ವ ಸಮಾಧಾನಪಟ್ಟಳು.

ನಮ್ಮ ಸೀಮೆಗೆ ದೂರವೆಂಬುದು ಹೊಸದಲ್ಲ. ಹಳಿಯಾಳ, ಮುಂಡಗೋಡಗಳ ಕಾಡಂಚಿನ ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಕಡಲು ದಾಟಿ ಬಂದವರು. ಬಹಳ ಮಂದಿ ಗುಲಾಮರಾಗಿ. 1959ರ ತರುವಾಯ ಹಿಮಾಲಯ ದಾಟಿ ಬಂದ ಟಿಬೆಟನ್ನರಿಗೆ ಮುಂಡಗೋಡದಲ್ಲಿ ನೆಲೆ ದೊರೆತದ್ದು 1966ರಲ್ಲಿ. ಅವರ ಹಾದಿಯನ್ನು ತಾಸಿನಲ್ಲಿ ಅಳೆದವರು ಯಾರು? ನಮ್ಮ ಹುಡುಗನಿಗಾದರೋ ಹಿಂದಿರುಗುವ ಹಾದಿಯುಂಟು, ಅದೂ 17 ತಾಸಿನದು ಎಂಬುದು ನನ್ನ ಧೈರ್ಯವಾಗಿತ್ತು.

ಎರಡು ವರ್ಷದ ಹಿಂದೆ ಆಷಾಢದಲ್ಲಿ ಅಪ್ಪ ತೀರಿಕೊಂಡರು. ಇಲ್ಲಿ ಬೆಳಗಿನ 5 ಗಂಟೆ. ಅಲ್ಲಿ ಹಿಂದಿನ ದಿನದ ಸಂಜೆ ನಾಲ್ಕೂವರೆ. ಸುದ್ದಿ ಮುಟ್ಟಿಸಿದೆ. ನೆರೆದ ಹಿರಿಯರಿಗೆ ಅವ್ವ ಹೇಳಿದಳು: "ಹದಿನೇಳು ತಾಸಿನ ದಾರಿರಿ. ರಾತ್ರಿಗೆ ಬರ್ತಾನ, ಕಾಯ್ರಿ."

ಹಿರಿಯರು ನನ್ನ ಮುಖ ನೋಡಿದರು. ತಮ್ಮನಿಗೆ ದೊರೆತದ್ದು ರಾತ್ರಿಯ ವಿಮಾನ, ಅದೂ ನಡುವೆ ಪರದೇಶದಲ್ಲಿ ಇಳಿದು ಬದಲಿಸುವಂಥದು ಎಂದು ನನಗೆ ಗೊತ್ತಿತ್ತು. ಹೊರಗೆ ಜಡಿಮಳೆ. ಹಿರಿಯ ಮಗನಾಗಿ ನಾನೇ 'ಕಾಯುವುದು ಬೇಡ' ಎಂದೆ. ಅವ್ವ ಮರುಮಾತಾಡಲಿಲ್ಲ.

ಹುಬ್ಬಳ್ಳಿಯ ವಿಮಾನ ತಪ್ಪಿ, ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು, ಧಾರವಾಡದಿಂದ ಟ್ಯಾಕ್ಸಿ ಮಾಡಿ ತಮ್ಮ ಬಾಗಿಲಲ್ಲಿ ನಿಂತಾಗ ಮೂರನೆಯ ದಿನದ ಬೆಳಗು. ನಾನು ಅಸ್ಥಿಸಂಚಯನಕ್ಕೆ ಹೊರಟಿದ್ದೆ. "ಅಣ್ಣಾ" ಎಂದನಷ್ಟೆ. ಇಬ್ಬರೂ ಕೂಡಿಯೇ ಹೋದೆವು.

ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದು ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಇರುವ ಲೆಕ್ಕ. ನಾನು ಅದನ್ನು ಮಗನಿಂದ ತಾಯಿಗೆ ಇರುವ ಲೆಕ್ಕವೆಂಬಂತೆ ಹೇಳಿಬಿಟ್ಟಿದ್ದೆ.

ಹದಿನೈದು ದಿನದ ಮೇಲೆ ತಮ್ಮ ಹೊರಟುನಿಂತಾಗ ಅವ್ವ ಅವನನ್ನೇ ಕೇಳಿದಳು: "ಮುಟ್ಟಲಿಕ್ಕೆ ಎಷ್ಟು ತಾಸೋ?"

"ಮನಿ ಮುಟ್ಟಿದ ಕೂಡಲೆ ಫೋನ್ ಮಾಡ್ತೀನವ್ವಾ" ಎಂದ. ತಾಸು ಹೇಳಲಿಲ್ಲ. ನಮ್ಮಿಬ್ಬರಲ್ಲಿ ಒಳ್ಳೆಯ ಮೇಷ್ಟ್ರು ಅವನೇ ಎನಿಸಿತು.