ಅಡುಗೆಮನೆಯ ಫೋನು

ವರದೆಯ ದಂಡೆಯ ಹೊಸರಿತ್ತಿಯನ್ನು ಬಿಟ್ಟು ಹಾವೇರಿಯಲ್ಲಿ ನೆಲೆಸಿದ ನಿವೃತ್ತ ಮಾಸ್ತರರು ಹೆಂಡತಿಗಾಗಿ ಮಾಡಿಸಿದ ಒಂದೇ ಒಂದು ವೈಭವವೆಂದರೆ ಅಡುಗೆಮನೆಗೆ ಎಳೆಸಿದ ಎರಡನೆಯ ಫೋನು. ಊರಿನಲ್ಲಿದ್ದ ಅಕ್ಕ ಪ್ರತಿ ಸಂಜೆ ಕರೆಯುವರು. ಮಂಡಿನೋವಿನ ಈಕೆ ರೊಟ್ಟಿ ಬಿಟ್ಟು ಪಡಸಾಲೆಗೆ ಓಡುವುದು ತಪ್ಪಿತ್ತು.

2010ರಲ್ಲಿ ಮೊಮ್ಮಗನ ಓದಿಗೆಂದು ಅದೇ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಬಂದಿತು. ಅಕ್ಕನ ಕರೆಯ ಗಂಟೆ ಬಾರಿಸಿದೊಡನೆ ಮೋಡೆಮ್ಮಿನ ದೀಪ ಮಿಟುಕುವುದು, ಹುಡುಗ ಅರ್ಧ ತುಂಬಿದ ಅರ್ಜಿ ಮಾಯವಾಗುವುದು!

“ಅಡಿಗಿಮನಿ ಫೋನ್ ತಗದುಬಿಡೋಣೇನ?” ಎಂದರು ಮಾಸ್ತರರು.

“ತಗೀರಿ. ಹುಡುಗನ ಓದು ದೊಡ್ಡದಲ್ಲೇನ್ರೀ?”

ಆ ಸಂಜೆ ರೊಟ್ಟಿ ಬಡಿಯುವ ಸದ್ದು ಮಾತ್ರ ತುಸು ಜೋರಾಗಿತ್ತು.

ತಪ್ಪು ಫೋನಿನದಲ್ಲ, ತಂತಿ ಕವಲೊಡೆದ ಜಾಗದ್ದು. ಒಂದೇ ಜೋಡಿ ತಾಮ್ರದ ತಂತಿಯಲ್ಲಿ ಮಾತು 4 ಕಿಲೋಹರ್ಟ್ಸ್‌ನ ಕೆಳಗೆ, ಅಂತರ್ಜಾಲದ ಸಂಕೇತ 25 ಕಿಲೋಹರ್ಟ್ಸ್‌ನ ಮೇಲೆ ಹರಿಯುತ್ತವೆ. ಎರಡನ್ನೂ ಬೇರ್ಪಡಿಸುವ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಪಡಸಾಲೆಯಲ್ಲಿತ್ತು. ಅಡುಗೆಮನೆಯ ತಂತಿಯೋ ಅದಕ್ಕೂ ಮೊದಲೇ, ಬಾಗಿಲ ಮೇಲಿನ ಪೆಟ್ಟಿಗೆಯಲ್ಲಿ ಕವಲೊಡೆದಿತ್ತು. ಗಂಟೆ ಬಾರಿಸಲು ಬರುವ ಸುಮಾರು 75 ವೋಲ್ಟಿನ ವಿದ್ಯುತ್ತಿನ ಗದ್ದಲ ಯಾವ ಸೋಸುವಿಕೆಯೂ ಇಲ್ಲದ ಆ ಫೋನಿನ ಮೂಲಕ ಮೋಡೆಮ್ಮನ್ನು ಕದಡುತ್ತಿತ್ತು.

ತಂತಿ ಕೆಲಸದ ಹುಡುಗ ಬಂದು, ತಂತಿ ಮನೆಯನ್ನು ಹೊಗುವಲ್ಲಿಯೇ ಡಬ್ಬಿಯನ್ನು ಕೂಡಿಸಿ, ಎರಡೂ ಫೋನುಗಳನ್ನು ಅದರ ಫೋನಿನ ಕಿಂಡಿಗೆ ಜೋಡಿಸಿದನು; ಮೋಡೆಮ್ಮಿಗೆ ಬೇರೆಯೇ ತಂತಿ ಎಳೆದನು. ಕೂಲಿ ಕೊಡುವಾಗ ಮಾಸ್ತರರು ಚೌಕಾಸಿ ಮಾಡಲಿಲ್ಲ. ಇದು ಅಪರೂಪದ ಸಂಗತಿ.

ಸಂಜೆ ಗಂಟೆ ಬಾರಿಸಿತು. ಮಾಸ್ತರರೂ ಮೊಮ್ಮಗನೂ ದೀಪವನ್ನೇ ನೋಡುತ್ತ ಕುಳಿತರು. ಅದು ಮಿಟುಕಲಿಲ್ಲ.

“ಅಕ್ಕಾ, ಆರಾಮ ಅದಿಯೇನ?” ಒಳಗಿನಿಂದ ದನಿ ಕೇಳಿಸಿತು.