ಅಪ್ಪನ ಹದಿನಾಲ್ಕು ಮಾರು

ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಊರಿನ ಬಳೆಗಳ ಪರಿಚಯ ತಾನಾಗಿ ಆಗುತ್ತದೆ. ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಬರುವ ಬಳೆಗಳು, ಮದುವೆಗೆಂದು ಬಿಡಿಸಿಕೊಂಡು ಹೋಗಿ ಮದುವೆ ಮುಗಿದ ವಾರದಲ್ಲೇ ಮರಳಿ ಬರುವ ಬಳೆಗಳು. ಆದರೆ 2023ರ ಸೆಪ್ಟೆಂಬರಿನ ಒಂದು ಶುಕ್ರವಾರ ನನ್ನ ತಮ್ಮ ಕರವಸ್ತ್ರದ ಗಂಟು ಬಿಚ್ಚಿ ಮುಂದಿಟ್ಟ ಜೋಡಿ ಬಳೆ ನೋಡಿ ನನಗೆ ಕೂಡಲೇ ಮಾತು ಹೊರಡಲಿಲ್ಲ. ಅವು ಅವನ ಮದುವೆಯಲ್ಲಿ ಅಮ್ಮ ಸೊಸೆಯ ಕೈಗೆ ಹಾಕಿದ ಬಳೆಗಳು.

"ಮೀನು ನೋಡುವ ಮೆಶೀನು ತೆಗೆಯಬೇಕು ಅಣ್ಣ" ಎಂದ.

ಸಂಬಂಧಿಕರ ಅಡವಿನ ಕಾಗದ ನಾನು ಬರೆಯುವುದು ಸರಿಯಲ್ಲ. ಪಕ್ಕದ ಕೌಂಟರಿಗೆ ಕಳಿಸಿದೆ. ಅಲ್ಲಿ ಬಳೆ ತಕ್ಕಡಿಗೆ ಬೀಳುವ ಸದ್ದು ಮಾತ್ರ ನನಗೆ ಕೇಳಿಸಿತು. ಆ ಸದ್ದು ದಿನಾ ಕೇಳುವಂಥದೇ.

ನಾವು ಕುಂಬಳೆಯ ಕಡಪ್ಪುರದ ಮೊಗವೀರರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೀನು ಮಾರುವಲ್ಲಿ ಮಲೆಯಾಳ. ಹದಿನಾರನೆಯ ವಯಸ್ಸಿನಲ್ಲಿ ನಾನೂ ಎರಡು ತಿಂಗಳು ಅಪ್ಪನ ದೋಣಿ ಹತ್ತಿದವನೇ. ದಿನಾ ವಾಂತಿ. "ಇವನ ಹೊಟ್ಟೆ ಕಡಲಿಗೆ ಆಗುವುದಲ್ಲ, ಓದಲಿ" ಎಂದು ಅಪ್ಪ ತೀರ್ಮಾನ ಮಾಡಿದರು. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಬಿ.ಎ. ಮಾಡಿದೆ. ಆ ಫೀಸು ಬಂದದ್ದು ತಮ್ಮ ಹತ್ತನೆಯ ತರಗತಿಗೆ ಶಾಲೆ ಬಿಟ್ಟು ಎಳೆದ ಬಲೆಯಿಂದ. ಅವನು ಇದನ್ನು ಒಮ್ಮೆಯೂ ಆಡಿ ತೋರಿಸಿದವನಲ್ಲ. ಅದಕ್ಕೇ ನನಗೆ ಮರೆಯುವುದಿಲ್ಲ.

ಅಪ್ಪನ ಹತ್ತಿರ ಒಂದು ಕಲ್ಲು ಇತ್ತು. ಅಂದರೆ ಕಡಲಡಿಯ ಕಲ್ಲು, ಮಲೆಯಾಳದವರು ಪಾರ್ ಎನ್ನುವುದು. ಅದರ ಸುತ್ತ ಮುರು ಮೀನು ಇರುತ್ತದೆ, ಗಾಳ ಹಾಕಿದರೆ ಸಿಗುತ್ತದೆ. ಕಲ್ಲು ಹುಡುಕಲು ಅಪ್ಪನಿಗೆ ಎರಡು ಗೆರೆ ಸಾಕಿತ್ತು. ಮೊದಲನೆಯದು ಪೊಸಡಿ ಗುಂಪೆಯ ತುದಿ ಶಿರಿಯ ಹೊಳೆಯ ಅಳಿವೆಗೆ ನೇರವಾಗಿ ಬರಬೇಕು. ತೆಂಗಿನ ಸಾಲಿನಲ್ಲಿ ಅಳಿವೆ ಒಂದು ಸಂದಿನಂತೆ ದೂರಕ್ಕೂ ಕಾಣುತ್ತದೆ. ಎರಡನೆಯದಕ್ಕೆ ದಕ್ಷಿಣದ ದಡದಲ್ಲಿ ಜೋಡಿ ತಾಳೆಮರ, ಅದರ ಹಿಂದೆ ಒಂದು ಗುಡ್ಡ. ಎರಡು ಗೆರೆ ಕೂಡುವಲ್ಲಿ ಗುಂಡು ಇಳಿಸಿ ಆಳ ನೋಡುತ್ತಿದ್ದರು. ಹದಿನಾಲ್ಕು ಮಾರು ಬಂದರೆ ಕಲ್ಲಿನ ಬುಡ.

2021ರಲ್ಲಿ ಅಪ್ಪ ತೀರಿಕೊಂಡರು. ಜೋಡಿ ತಾಳೆ ಅದಕ್ಕಿಂತ ಮೊದಲೇ ಕಡಲ್ಕೊರೆತಕ್ಕೆ ಹೋಗಿತ್ತು. ಅಪ್ಪ ಇದ್ದಾಗ ಮರವಿಲ್ಲದೆಯೂ ಅಂದಾಜಿನಲ್ಲಿ ಹೋಗಿ ಮುಟ್ಟುತ್ತಿದ್ದರು. ತಮ್ಮನಿಗೆ ಒಂದೇ ಗೆರೆ ಉಳಿಯಿತು. ಒಂದು ಗೆರೆಯ ಮೇಲೆ ಪಡುವಣಕ್ಕೆ ಎಷ್ಟು ದೂರ ಹೋಗಿ ನಿಲ್ಲುವುದು?

ಬೂತಾಯಿ ಒಳ್ಳೆಯದಿದ್ದ ವರ್ಷ ಕಲ್ಲಿನ ನೆನಪು ಯಾರಿಗೂ ಬೇಡ. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2012ರಲ್ಲಿ ಕೇರಳದಲ್ಲಿ ಸುಮಾರು 4 ಲಕ್ಷ ಟನ್ನು ಸಿಕ್ಕಿದ ಬೂತಾಯಿ 2021ಕ್ಕೆ 3,297 ಟನ್ನಿಗೆ ಇಳಿಯಿತು. ಲಕ್ಷದಿಂದ ಸಾವಿರಕ್ಕೆ. ನಮ್ಮ ಕಡಪ್ಪುರದಲ್ಲಿ ಇದಕ್ಕೆ ಲೆಕ್ಕ ಬೇಕಾಗಿರಲಿಲ್ಲ. ಸಂಜೆ ಹೊತ್ತು ಯಾರ ಮನೆಯಲ್ಲಿ ಮೀನು ಕಾಯಿಸುವ ವಾಸನೆ ಇಲ್ಲ ಎಂಬುದರಲ್ಲೇ ತಿಳಿಯುತ್ತಿತ್ತು. ಅಂಥ ಕಾಲಕ್ಕೆ ಅಪ್ಪನ ಕಲ್ಲು ಬೇಕಾಯಿತು.

ಮಂಗಳೂರಿನ ಬಂದರಿಗೆ ಇಬ್ಬರೂ ಹೋದೆವು. ಅಂಗಡಿಯಲ್ಲಿ ಕಂಡದ್ದೆಲ್ಲ ದೊಡ್ಡದೇ. ಅಷ್ಟು ಸಾವಿರ ಅಡಿ ಆಳ ಕಾಣುತ್ತದೆ, ಇಷ್ಟು ವಾಟ್ ಶಕ್ತಿ ಇದೆ ಎಂದು ಮಾರುವವನು ಹೇಳುತ್ತಾ ಹೋದ. ತಮ್ಮನ ಕಣ್ಣು ಏಳು ಇಂಚಿನ ಪರದೆಯ ಮೇಲೆ. ನಾನು ಕೈಪಿಡಿಗಳನ್ನು ಮಾತ್ರ ಕೇಳಿ ತಂದು ಎರಡು ರಾತ್ರಿ ಓದಿದೆ. ಬಿ.ಎ. ಓದಿದ್ದಕ್ಕೆ ಕಡಲಿನ ಉಪಯೋಗವಾದದ್ದು ಅದೇ ಮೊದಲು.

ಓದಿದ ಮೇಲೆ ಸಂಗತಿ ಅಷ್ಟು ಕಷ್ಟದ್ದಲ್ಲ ಎನಿಸಿತು. ದೋಣಿಯ ಹಿಂದೆ ನೀರಿನಲ್ಲಿ ಮುಳುಗಿರುವ ಒಂದು ಸಣ್ಣ ಕರಿ ಉಂಡೆ ಕೆಳಗಡೆಗೆ ಸದ್ದು ಕಳಿಸುತ್ತದೆ. ಅದರ ಹೆಸರು ಟ್ರಾನ್ಸ್‌ಡ್ಯೂಸರ್. ಎರಡು ಸಲ ಹೇಳಲು ನೋಡಿ ತಮ್ಮ ಅದಕ್ಕೆ 'ಮೂತಿ' ಎಂದು ಹೆಸರಿಟ್ಟ. ಸದ್ದು ತಳಕ್ಕೆ ತಾಗಿ ಮರಳುತ್ತದೆ. ಕಡಲ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರು ಓಡುವುದರಿಂದ ಹೋಗಿ ಬಂದ ಹೊತ್ತಿನ ಅರ್ಧಕ್ಕೆ ಲೆಕ್ಕ ಹಾಕಿದರೆ ಆಳ ಸಿಕ್ಕಿತು. ನಡುವೆ ಮೀನಿದ್ದರೆ ಅದರ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ತಾಗಿಯೂ ಸದ್ದು ಮರಳುತ್ತದೆ. ಇದನ್ನು ಮೀನುಗಾರಿಕೆಗೆ ಮೊದಲು ಮಾರಾಟಕ್ಕೆ ತಂದವರು ಜಪಾನಿನ ಫುರುನೋ ಸಹೋದರರು, 1948ರಲ್ಲಿ. ಅಣ್ಣ ತಮ್ಮ ಸೇರಿ ಮಾಡಿದ್ದು ಎಂದಾಗ ತಮ್ಮ ನಕ್ಕ. "ಅದರಲ್ಲಿ ವಾಂತಿ ಮಾಡುವವ ಯಾರು?" ಎಂದು ಕೇಳಿದ.

ಸದ್ದಿನಲ್ಲೂ ಬಗೆಗಳಿವೆ. 50 ಕಿಲೋಹರ್ಟ್ಸಿನ ದಪ್ಪ ಸದ್ದು ತುಂಬಾ ಆಳಕ್ಕೆ ಇಳಿಯುತ್ತದೆ, ಆದರೆ ಚಿತ್ರ ಒರಟು. 200ರ ತೆಳು ಸದ್ದು ಅಷ್ಟು ದೂರ ಹೋಗದು, ಹೋದಷ್ಟನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ನಮ್ಮ ದೋಣಿ ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರುವಂಥದು, ಇಪ್ಪತ್ತು ಮಾರಿಗಿಂತ ಆಚೆಗೆ ಹೋದದ್ದು ಕಡಿಮೆ. ಸಾವಿರ ಅಡಿಯ ಶಕ್ತಿಗೆ ದುಡ್ಡು ಕೊಟ್ಟು ನಾವೇನು ಮಾಡುವುದು? ಅದರ ಬದಲು ಬಿಸಿಲಿನಲ್ಲಿ ಕಾಣುವ ಪರದೆ ಇರಬೇಕು, ಸಿಕ್ಕಿದ ಜಾಗವನ್ನು ಗುರುತಿಟ್ಟುಕೊಳ್ಳಲು ಜಿ.ಪಿ.ಎಸ್. ಇರಬೇಕು. ಈ ಎರಡಕ್ಕೆ ಜಗ್ಗದೆ ನಿಂತು ನಾಲ್ಕು ಇಂಚಿನದನ್ನೇ ತೆಗೆಸಿದೆ. ತಮ್ಮನಿಗೆ ಒಂದು ವಾರ ಸ್ವಲ್ಪ ಅಸಮಾಧಾನವಿತ್ತು. ಬಳೆಯ ಮೇಲೆ ತೆಗೆದ ಹಣದಲ್ಲಿ ಉಳಿದದ್ದನ್ನು ಇಂಜಿನು ರಿಪೇರಿಗೆ ಕೊಟ್ಟಾಗ ಅದು ಹೋಯಿತು.

ಕೂರಿಸುವ ಕೆಲಸದಲ್ಲಿ ತಪ್ಪು ಮಾಡಿದವನು ನಾನೇ. ಬರೇ ಫೈಬರಿನ ದೋಣಿಯಾದರೆ ಮೂತಿಯನ್ನು ಒಳಗಡೆಯಿಂದ ತಳಕ್ಕೇ ಅಂಟಿಸಬಹುದು, ಸದ್ದು ಫೈಬರನ್ನು ದಾಟಿ ಹೋಗುತ್ತದೆ. ನಮ್ಮದು ಪ್ಲೈವುಡ್ಡಿನ ಮೇಲೆ ಫೈಬರು ಹೊದಿಸಿದ್ದು. ಮರ ಸದ್ದನ್ನು ನುಂಗಿಬಿಡುತ್ತದೆ. ಆದ್ದರಿಂದ ಇಂಜಿನು ಕಚ್ಚಿಸುವ ಹಿಂಬದಿಯ ಹಲಗೆಗೇ ತಗಲಿಸಬೇಕು. ಇಷ್ಟನ್ನು ಸರಿಯಾಗಿ ಓದಿದ್ದೆ. ವಯರು ಸುಲಭಕ್ಕೆ ಎಟಕುತ್ತದೆಂದು ಎಡಬದಿಯಲ್ಲಿ, ಇಂಜಿನಿನ ಫ್ಯಾನಿಗೆ ತೀರಾ ಹತ್ತಿರ ತೂತು ಕೊರೆಸಿದೆ. ದೋಣಿ ನಿಂತಿದ್ದಾಗ ತಳ ಚೆನ್ನಾಗಿ ಕಂಡಿತು. ಇಂಜಿನು ಜೋರು ಮಾಡಿದ ಕೂಡಲೇ ಪರದೆ ತುಂಬ ಮಳೆ ಬಿದ್ದ ಹಾಗೆ ಚುಕ್ಕೆ, ತಳವೇ ಮಾಯ.

ಪಾಲುಗಾರರಾದ ಏಟ್ಟ ಬಗ್ಗಿ ನೀರು ನೋಡಿದರು. ನೀಲೇಶ್ವರದ ಕಡೆಯವರು, ಅರುವತ್ತು ದಾಟಿದೆ. ನಮ್ಮ ಅಪ್ಪನ ಜತೆಗೂ ಕಡಲಿಗೆ ಹೋದವರು. ಕೈಪಿಡಿ ಓದದೆಯೇ "ಪದಯಾಣ್ ಮೋನೇ" ಎಂದರು. ನೊರೆ! ಗಾಳಿಯ ಗುಳ್ಳೆ ಮೂತಿಯ ಕೆಳಗೆ ಹಾದರೆ ಸದ್ದು ಅಲ್ಲೇ ಒಡೆದುಹೋಗುತ್ತದೆ. ಮನೆಗೆ ಬಂದು ಉಳಿದ ಪುಟ ಓದಿದೆ. ಫ್ಯಾನಿನ ಎಲೆ ಕೆಳಮುಖವಾಗಿ ಹೊಡೆಯುವ ಬದಿಯಲ್ಲಿ, ನಮ್ಮ ಇಂಜಿನಿಗೆ ಬಲಬದಿಯಲ್ಲಿ, ಫ್ಯಾನಿನಿಂದ ಮೊಳದಷ್ಟಾದರೂ ದೂರ ಇಡಬೇಕು. ಮೂತಿ ದೋಣಿಯ ತಳಕ್ಕಿಂತ ಒಂದು ಕೂದಲೆಳೆ ಕೆಳಗಿರಬೇಕು. ಹಳೆಯ ತೂತುಗಳಿಗೆ ರೆಸಿನ್ ತುಂಬಿ, ಬಲಬದಿಯಲ್ಲಿ ಒಂದು ಹಲಗೆ ತುಂಡು ಅಂಟಿಸಿ ಅದಕ್ಕೆ ಸ್ಕ್ರೂ ಹಾಕಿದೆವು. ಇನ್ನು ಹೆಚ್ಚುಕಡಿಮೆಯಾದರೂ ತೂತು ಹಲಗೆಗೇ, ದೋಣಿಗಲ್ಲ. ಇದನ್ನು ಮೊದಲೇ ಮಾಡಬೇಕಿತ್ತು. ಹೊಸದಾಗಿ ಕೂರಿಸುವವರು ದಯವಿಟ್ಟು ಹೀಗೆಯೇ ಮಾಡಿ.

ಕರೆಂಟಿನ ವಿಷಯ ಸುಲಭ. ನಮ್ಮದು ಹಗ್ಗ ಎಳೆದು ಶುರು ಮಾಡುವ ಇಂಜಿನು, ಬ್ಯಾಟರಿ ಇಲ್ಲ. ಬ್ಯಾಂಕಿನ ಕಂಪ್ಯೂಟರಿನ ಯು.ಪಿ.ಎಸ್. ಒಳಗೆ ಇರುವಂಥ 12 ವೋಲ್ಟಿನ ಮುಚ್ಚಿದ ಬ್ಯಾಟರಿಯೊಂದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ನಡುವೆ ಒಂದು ಫ್ಯೂಸು ಹಾಕಿದೆವು. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಧಾರಾಳ. ರಾತ್ರಿ ಮನೆಯಲ್ಲಿ ಚಾರ್ಜು ಮಾಡುವುದು ತಮ್ಮನ ಮಗಳ ಕೆಲಸ.

ಪರದೆ ಓದಲು ಕಲಿಯುವುದೇ ಹೆಚ್ಚು ಕಷ್ಟವಾಯಿತು. ತಮ್ಮ ಮೊದಲು ಪರದೆಯ ಎಡಬದಿಯಲ್ಲಿ ಕಂಡದ್ದು ದೋಣಿಯ ಎಡಬದಿಯಲ್ಲಿದೆ ಎಂದೇ ತಿಳಿದು ಆ ಕಡೆ ತಿರುಗಿಸುತ್ತಿದ್ದ. ಹಾಗಲ್ಲ. ಬಲ ಅಂಚಿನಲ್ಲಿರುವುದು ಈಗಿನದು, ಎಡಕ್ಕೆ ಸರಿದದ್ದೆಲ್ಲ ದಾಟಿ ಬಂದ ನೀರು. ಮೂತಿಗೆ ಕಾಣುವುದು ದೋಣಿಯ ಕೆಳಗೆ ಮಾತ್ರ, ಆಳದ ಮೂರರಲ್ಲಿ ಒಂದು ಪಾಲಿನಷ್ಟು ಅಗಲದ ಒಂದು ವೃತ್ತ. ಮತ್ತೆ, ಮೆಶೀನು ತಾನೇ ಮೀನಿನ ಚಿತ್ರ ಬಿಡಿಸಿ ತೋರಿಸುವ ಒಂದು ಏರ್ಪಾಡು ಅದರಲ್ಲಿದೆ. ಅದನ್ನು ನೋಡಿ ಎರಡನೆಯ ದಿನ ಬಲೆ ಬಿಟ್ಟರು. "ಇದ್ ಮೀನಲ್ಲ, ಚೊರಿಯಾಣ್" ಎಂದು ಏಟ್ಟ ಮೊದಲೇ ಹೇಳಿದ್ದರು. ಬಲೆ ತುಂಬ ಲೋಳೆಮೀನು, ಮೈಯೆಲ್ಲ ತುರಿಕೆ. ಅಂದಿನಿಂದ ಆ ಚಿತ್ರ ಬರುವುದನ್ನು ಬಂದ್ ಮಾಡಿ ಬರೀ ಗೆರೆ, ಬಣ್ಣ ನೋಡುವುದನ್ನು ಕಲಿತರು.

ಆಳವನ್ನು ಯಾವ ಲೆಕ್ಕದಲ್ಲಿ ತೋರಿಸಲಿ ಎಂದು ಮೆಶೀನು ಕೇಳುತ್ತದೆ. ಅಡಿ, ಮೀಟರು, ಫ್ಯಾದಮ್. ಫ್ಯಾದಮ್ ಎಂದರೆ ಆರು ಅಡಿ, ನಮ್ಮ ಮಾರು. ನಮಗೂ ಮಾರು, ಏಟ್ಟನಿಗೂ ಮಾರ್. ಇಂಗ್ಲಿಷಿನ ಆ ಮೆನುವಿನಲ್ಲಿ ಮೂವರಿಗೂ ಒಟ್ಟಿಗೆ ಅರ್ಥವಾದದ್ದು ಅದೊಂದೇ. ಅದನ್ನೇ ಒತ್ತಿದೆ.

ಆಮೇಲೆ ಅಪ್ಪನ ಕಲ್ಲು ಹುಡುಕಲು ಹೊರಟರು. ಪೊಸಡಿ ಗುಂಪೆ ಅಳಿವೆಗೆ ನೇರ ಹಿಡಿದು ಪಡುವಣಕ್ಕೆ ಹೋಗುವುದು, ಮೆಶೀನಿನಲ್ಲಿ 14 ಬರುವಲ್ಲಿ ನಿಲ್ಲುವುದು. ಇನ್ನೊಂದು ಗೆರೆಯ ಬದಲಿಗೆ ಆಳ. ಉಪಾಯ ಸರಿಯಾಗಿಯೇ ಇತ್ತು. ಆದರೆ ಮೂರು ದಿನ ಪೆಟ್ರೋಲು ಸುಟ್ಟರೂ ತಳ ಅಂಗೈಯಂತೆ ಸಪಾಟು. ಮೂರನೆಯ ದಿನ ತಮ್ಮ ಮನೆಗೆ ಬಂದು ಏನೂ ಹೇಳದೆ ಜಗಲಿಯಲ್ಲಿ ಕೂತ. ಉಬ್ಬರ ಇಳಿತದ ವ್ಯತ್ಯಾಸವಿರಬಹುದೇ ಎಂದು ಏಟ್ಟನ ಊಹೆ. ನಮ್ಮ ಕಡೆ ಅದು ಒಂದು ಮಾರಿಗೂ ಕಡಿಮೆ, ಅದನ್ನು ಲೆಕ್ಕಕ್ಕೆ ಹಿಡಿದೇ ಅತ್ತಿತ್ತ ಹುಡುಕಿದ್ದರು. ತಮ್ಮನ ಹೆಂಡತಿ ಚಹಾ ತಂದಿಟ್ಟಳು. ಅವಳ ಬರಿಗೈಯನ್ನು ನಾನು ನೋಡಿದ್ದು ಅವಳಿಗೆ ಗೊತ್ತಾಯಿತೋ ಏನೋ, "ಮಾವನ ಗುಂಡಿನ ಹಗ್ಗ ಅಟ್ಟದಲ್ಲಿ ಹಾಗೇ ಇದೆ ಭಾವ, ಅದರಲ್ಲಿ ನೋಡಬಹುದಲ್ಲ" ಎಂದಳು.

ಹಗ್ಗ ಇಳಿಸಿದೆವು. ಒಂದೊಂದು ಮಾರಿಗೆ ಒಂದು ಗಂಟು, ಐದಕ್ಕೊಮ್ಮೆ ಕೆಂಪು ಬಟ್ಟೆ. ಅಂಗಳದಲ್ಲಿ ತುಳಸಿಕಟ್ಟೆಯಿಂದ ಗೇಟಿನವರೆಗೆ ಎಳೆದು, ಮತ್ತೆ ಮಡಚಿ ಎಳೆದು, ಬಡಗಿಯ ಟೇಪಿನಿಂದ ಅಳೆದೆ. ಹದಿನಾಲ್ಕನೆಯ ಗಂಟಿಗೆ 84 ಅಡಿ ಬರಬೇಕಿತ್ತು. ಬಂದದ್ದು 77.

ಅಪ್ಪ ಗಿಡ್ಡ ಮನುಷ್ಯ. ಎರಡು ಕೈ ಚಾಚಿದರೆ ಐದೂವರೆ ಅಡಿ. ಹಗ್ಗಕ್ಕೆ ಗಂಟು ಹಾಕಿದ್ದು ಅವರ ಕೈಯಳತೆಯಲ್ಲಿ. ಅವರ ಹದಿನಾಲ್ಕು ಮಾರು ಮೆಶೀನಿನ 12.8. ಬ್ಯಾಂಕಿನಲ್ಲಿ ಇದಕ್ಕಿಂತ ಕಷ್ಟದ ಲೆಕ್ಕ ದಿನಾ ಮಾಡುತ್ತೇನೆ. ಆದರೆ ಅಂದು ಕಾಗದದ ಮೇಲೆ ಆ ಸಂಖ್ಯೆ ಬರೆದಾಗ ಕೈ ಸ್ವಲ್ಪ ನಡುಗಿತು. ನಮ್ಮ ಕಡಲ ತಳ ನಿಧಾನಕ್ಕೆ ಇಳಿಯುವಂಥದು. ಒಂದು ಮಾರಿನ ತಪ್ಪೆಂದರೆ ನೀರಿನ ಮೇಲೆ ಒಂದು ಮೈಲಿಯಷ್ಟು ತಪ್ಪು.

ಮರುದಿನ ಭಾನುವಾರ. ಮಾತ್ರೆ ನುಂಗಿ ನಾನೂ ಹತ್ತಿದೆ. ಮಾತ್ರೆಯಿಂದೇನೂ ಆಗಲಿಲ್ಲ, ಅಳಿವೆ ದಾಟುವ ಮೊದಲೇ ಹದಿನಾರರ ಹುಡುಗನಾದೆ. ತಮ್ಮ ಒಂದು ಕೈಯಲ್ಲಿ ಇಂಜಿನು, ಇನ್ನೊಂದರಲ್ಲಿ ನನ್ನ ಅಂಗಿ ಹಿಡಿದಿದ್ದ. 12.6, 12.7. ಇಂಜಿನು ನಿಧಾನ ಮಾಡಿ ಉತ್ತರಕ್ಕೂ ದಕ್ಷಿಣಕ್ಕೂ ಅಡ್ಡಾಡಿದರು. ನಾಲ್ಕನೆಯ ಸುತ್ತಿನಲ್ಲಿ ತಳದ ಗೆರೆ ದಪ್ಪವಾಯಿತು, ಕೆಂಪಾಯಿತು. ಅದರ ಎರಡರಷ್ಟು ಕೆಳಗೆ ಮಂಕಾಗಿ ಇನ್ನೊಂದು ಗೆರೆ ಮೂಡಿತು. ಗಟ್ಟಿ ತಳವಾದರೆ ಸದ್ದು ಎರಡು ಸಲ ಹೋಗಿ ಬರುತ್ತದೆಂದು ಓದಿದ್ದೆ. ಮತ್ತೆ ಗೆರೆ ಎದ್ದು 11.4ಕ್ಕೆ ಬಂದು ಇಳಿಯಿತು. ಏಟ್ಟ ಮಾತಾಡದೆ ಗಾಳ ಬಿಟ್ಟರು. ಅರ್ಧ ಗಂಟೆಯಲ್ಲಿ ಆರು ಮುರು, ದೊಡ್ಡದು ನಾಲ್ಕು ಕಿಲೋದ ಹತ್ತಿರ.

ದಿನಾ ಹಾಗೆ ಸಿಗುವುದಿಲ್ಲ. ಕಲ್ಲು ಸಣ್ಣದು, ವಾರಕ್ಕೊಮ್ಮೆ ಹೋದರೆ ಹೆಚ್ಚು ಎಂದು ಅವರೇ ನಿಯಮ ಮಾಡಿಕೊಂಡಿದ್ದಾರೆ. ಬಡ್ಡಿ ಕಟ್ಟಿ ಅಡವನ್ನು ಹೊಸತು ಮಾಡಿಸಿದ್ದಾರೆ. ಅಸಲಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೀರಿದೆ. ಬಳೆ ಇನ್ನೂ ನಾನು ಕೂತಲ್ಲಿಂದ ಹತ್ತಡಿ ದೂರದ ಲಾಕರಿನಲ್ಲೇ ಇದೆ.

ಆ ಭಾನುವಾರ ಜಾಗವನ್ನು ಗುರುತಿಡಲು ಗುಂಡಿ ಒತ್ತಿದಾಗ ಮೆಶೀನು ಹೆಸರು ಕೇಳಿತು. ಅದರಲ್ಲಿ ಕನ್ನಡವಿಲ್ಲ, ಮಲೆಯಾಳವೂ ಇಲ್ಲ. ಏನು ಬರೆಯಲಿ ಎಂದು ತಮ್ಮನ ಮುಖ ನೋಡಿದೆ. "ಹದಿನಾಲ್ಕು ಅಂತ ಬರೆ" ಎಂದ. ಇಲ್ಲಿ ಆಳ 12.8 ಇದೆಯಲ್ಲ, ಮುಂದೆ ಗೊಂದಲವಾಗುತ್ತದೆ ಎಂದೆ. "ಆಗಲಿ, ಬರೆ ನೀನು" ಎಂದ. ಬರೆದೆ.