ಎರಡು ನಾಲಿಗೆಯ ಕವಿಗಳು – 4: ಹಾನ್ಸ್ ಅನ್ನಲೋ, ಝಾನ್ ಅನ್ನಲೋ?

ಫೋಟೊದಲ್ಲಿರೋದು ಮಗಳ ಶಾಲೆಯ ಅಡ್ಮಿಷನ್ ಫಾರಂ. ‘ಮಾತೃಭಾಷೆ’ ಅನ್ನೋ ಕಡೆ ಒಂದೇ ಗೆರೆ. ಮೂರು ದಿನದಿಂದ ಖಾಲಿ. ನಾನು ತುಳುವಿನಲ್ಲಿ ಅತ್ತು ನಕ್ಕು ಬೆಳೆದವಳು, ಕನ್ನಡದಲ್ಲಿ ಓದಿ ಬರೆದವಳು. ನನ್ನ ಫಾರಂನಲ್ಲಿ ಅಪ್ಪ ‘ಕನ್ನಡ’ ಅಂತ ಬರೆದಿದ್ದರು. ಅಮ್ಮ ಪಕ್ಕದಲ್ಲೇ ನಿಂತಿದ್ದಳು, ಏನೂ ಹೇಳಲಿಲ್ಲ.

ಈ ಗೆರೆ ನೋಡ್ತಾ ಕೂತಾಗ ಆರ್ಪ್ ನೆನಪಾದ.

ಹುಟ್ಟಿದ್ದು 1886ರಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ. ಆ ಊರು 1871ರಿಂದ ಜರ್ಮನಿಯದು, 1918ರ ನಂತರ ಮತ್ತೆ ಫ್ರಾನ್ಸಿನದು. ಊರು ಇದ್ದಲ್ಲೇ ಇತ್ತು, ಗಡಿ ಓಡಾಡಿತು ನೋಡಿ. ಅಪ್ಪ ಜರ್ಮನ್, ಅಮ್ಮ ಅಲ್ಸೇಸಿನ ಫ್ರೆಂಚ್. ಜರ್ಮನ್‌ನಲ್ಲಿ ಬರೆದರೆ ಹಾನ್ಸ್, ಫ್ರೆಂಚ್‌ನಲ್ಲಿ ಬರೆದರೆ ಝಾನ್. ಅರ್ಥದಲ್ಲಿ ಎರಡೂ ಒಂದೇ ಹೆಸರು.

ನಮ್ಮಲ್ಲಿ ‘ಎರಡು ನಾಲಿಗೆಯವನು’ ಅಂದ್ರೆ ಬೈಗುಳ. ಯುದ್ಧ ಬಂದಾಗ ಅವನಿಗೂ ಅದೇ ಆಯ್ತು. ಪ್ಯಾರಿಸ್‌ನಲ್ಲಿ ಜರ್ಮನ್ ಅಂತ ಅನುಮಾನ. 1915ರಲ್ಲಿ ಜ್ಯೂರಿಕ್‌ಗೆ ಹೋದರೆ, ಅಲ್ಲಿನ ಜರ್ಮನ್ ಕಾನ್ಸುಲೇಟ್‌ನಿಂದ ಸೈನ್ಯಕ್ಕೆ ಕರೆ. ಅಲ್ಲೂ ಒಂದು ಫಾರಂ! ಗೆಳೆಯರು ಹೇಳುವ ಕಥೆ ಇದು: ಎಲ್ಲ ಗೆರೆಗಳಲ್ಲೂ ಒಂದೇ ತಾರೀಖು ಬರೆದ, ಕೆಳಗೆ ಅಡ್ಡಗೆರೆ ಎಳೆದು ಎಲ್ಲವನ್ನೂ ಕೂಡಿ ಮೊತ್ತ ಹಾಕಿದ. ಹುಚ್ಚ ಅಂತ ಬಿಟ್ಟುಬಿಟ್ಟರು.

1916ರಲ್ಲಿ ಅದೇ ಊರಿನ ಕ್ಯಾಬರೆ ವೋಲ್ಟೇರ್‌ನಲ್ಲಿ ದಾದಾ ಚಳವಳಿ ಶುರುವಾದಾಗ ಅವನೂ ಇದ್ದ. ಪತ್ರಿಕೆಯಿಂದ ಕಣ್ಣುಮುಚ್ಚಿ ಪದ ಆರಿಸಿ ಕವಿತೆ ಕಟ್ಟಿದ. ಕಾಗದದ ಚೂರುಗಳನ್ನು ಬಿದ್ದ ಹಾಗೆಯೇ ಅಂಟಿಸಿ ಚಿತ್ರ ಮಾಡಿದ. ತಮಾಷೆ ಅನ್ಸುತ್ತೆ ಅಲ್ವಾ? ಆದರೆ ಲೆಕ್ಕಾಚಾರ ಮಾಡಿ ಮನುಷ್ಯರನ್ನು ಕೊಲ್ಲುತ್ತಿದ್ದ ಕಾಲದಲ್ಲಿ, ಲೆಕ್ಕ ತಪ್ಪಿಸೋದೇ ಒಂದು ಉತ್ತರ ಆಗಿತ್ತು.

ಜ್ಯೂರಿಕ್‌ನಲ್ಲೇ ಸಿಕ್ಕವಳು ಸೋಫಿ ಟಾಯ್ಬರ್, ಸ್ವತಃ ದೊಡ್ಡ ಕಲಾವಿದೆ. 1922ರಲ್ಲಿ ಮದುವೆ. ಇಬ್ಬರೂ ಒಂದೇ ಹಾಳೆಯ ಮೇಲೆ ಸೇರಿ ಚಿತ್ರ ಬರೆದರು. 1943ರ ಜನವರಿಯಲ್ಲಿ, ಒಲೆಯ ವಿಷಗಾಳಿಯಿಂದ ಸೋಫಿ ನಿದ್ದೆಯಲ್ಲೇ ತೀರಿಕೊಂಡಳು. ಅವನು ಅವಳಿಗಾಗಿ ಕವಿತೆ ಬರೆದ. ಕೆಲ ವರ್ಷದ ನಂತರ, ಇಬ್ಬರೂ ಸೇರಿ ಬರೆದಿದ್ದ ಚಿತ್ರಗಳಲ್ಲಿ ಕೆಲವನ್ನು ಹರಿದು, ಆ ಚೂರುಗಳನ್ನೇ ಮತ್ತೆ ಜೋಡಿಸಿ ಅಂಟಿಸಿದ. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯಾವ ಗೆರೆ ಅವಳದು, ಯಾವುದು ತನ್ನದು ಅಂತ ಅವನು ಬೇರೆ ಮಾಡಲಿಲ್ಲ.

1954ರಲ್ಲಿ ವೆನಿಸ್ ಬಿನಾಲೆಯಲ್ಲಿ ಶಿಲ್ಪಕ್ಕೆ ದೊಡ್ಡ ಬಹುಮಾನ ಬಂತು. 1966ರಲ್ಲಿ ತೀರಿಕೊಂಡ. ಕೊನೆತನಕ ಎರಡೂ ಭಾಷೆಯಲ್ಲಿ ಬರೆದ.

ಇವತ್ತು ಬೆಳಿಗ್ಗೆ ಫಾರಂ ತುಂಬಿದೆ. ಗೆರೆ ಚಿಕ್ಕದು, ಅಕ್ಷರ ಸಣ್ಣದು ಮಾಡಿದೆ: ತುಳು, ಕನ್ನಡ. ಆಫೀಸಿನಲ್ಲಿ ಒಂದನ್ನು ಹೊಡೆದು ಹಾಕಿದರೂ ಹಾಕಬಹುದು. ಆದರೆ ಅಮ್ಮನ ಹೆಸರಲ್ಲಿ ಒಂದು ಸಲ ಬರೆದಾಯ್ತು.

ನಿಮ್ಮ ಫಾರಂನಲ್ಲಿ ಬರೆಯದೆ ಬಿಟ್ಟ ಭಾಷೆ ಯಾವುದು? ಕೆಳಗೆ ಬರೀರಿ, ಆ ಭಾಷೆಯಲ್ಲೇ ಬರೀರಿ.